ಗಾಳದ ಹಿಮ್ಮುಳ್ಳು ಮತ್ತು ನೇತ್ರಶಲ್ಯ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳೆಂಬ ಐದು ತಾಲ್ಲೂಕುಗಳ ಸೀಮೆಯು ಬರಗಾಲಕ್ಕೆ ಹೆಸರಾದುದು. ಆದರೂ ಇದರ ಪಡುವಣ ಅಂಚಿನಲ್ಲಿ ತುಂಗಭದ್ರೆಯು ಹರಿಯುವಳು; ೧೯೫೩ರಲ್ಲಿ ಹೊಸಪೇಟೆಯ ಅಣೆಕಟ್ಟಿನ ಹಿಂದೆ ನೀರು ನಿಂತಮೇಲೆ ಹಡಗಲಿ, ಹಗರಿಬೊಮ್ಮನಹಳ್ಳಿಗಳ ಕಡೆಯ ಎಷ್ಟೋ ಹೊಲಗಳು ಹಿನ್ನೀರಾದುವು. ಹೀಗೆ ಒಣಭೂಮಿಯ ಮಗ್ಗುಲಿನಲ್ಲಿಯೇ ಬಲೆ, ಹರಿಗೋಲು, ಗಾಳಗಳ ಜೀವನವೂ ಉಂಟು. ಗಾಳವು ಹಾರಿ ಕಣ್ಣಿಗೆ ನಾಟಿದರೆ ಏನು ಮಾಡಬೇಕೆಂಬುದಕ್ಕೆ ವೈದ್ಯಶಾಸ್ತ್ರವು ಕಾಲಕಾಲಕ್ಕೆ ಕೊಟ್ಟ ಉತ್ತರಗಳನ್ನೂ, ಆ ಉತ್ತರಗಳು ಈ ಸೀಮೆಗೆ ಎಷ್ಟು ದೂರದಲ್ಲಿದ್ದುವೆಂಬುದನ್ನೂ ಇಲ್ಲಿ ವಿಚಾರಿಸಲಾಗಿದೆ.

ಗಾಳವು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು ೧೧೨೯ರಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವೆಂಬ ಪ್ರಕರಣವೇ ಇದ್ದು, ಮೀನಿನ ಜಾತಿಗಳು, ಗಾಳದ ಕೋಲು, ದಾರ, ಎರೆ ಮೊದಲಾದುವು ಅದರಲ್ಲಿ ವಿವರಿಸಲ್ಪಟ್ಟಿವೆ. ಇವನ ಪಿತಾಮಹನಾದ ಒಂದನೆಯ ಸೋಮೇಶ್ವರನು ೧೦೬೮ರಲ್ಲಿ ದೇಹವನ್ನು ತುಂಗಭದ್ರೆಗೆ ಒಪ್ಪಿಸಿದುದು ಈ ಸೀಮೆಯ ಕುರುವತ್ತಿಯಲ್ಲಿಯೇ. ಅಜ್ಜನು ಮುಳುಗಿದ ಹೊಳೆಯ ನಾಡಿನಲ್ಲಿ ಮೊಮ್ಮಗನು ಮೀನು ಹಿಡಿಯುವ ವಿನೋದವನ್ನು ಬರೆದನು. ಇದು ಪ್ರಾಸಂಗಿಕವಾಗಿ ಹೇಳಿದ ಮಾತು.

ಗಾಳಕ್ಕೆ ಸಂಸ್ಕೃತದಲ್ಲಿ ಬಡಿಶವೆಂದು ಹೆಸರು. ಸುಶ್ರುತನು ಎಣಿಸಿದ ಇಪ್ಪತ್ತು ಶಸ್ತ್ರಗಳಲ್ಲಿ ಬಡಿಶವೂ ಒಂದು. ಕಣ್ಣಿನ ಬಿಳಿಯ ಭಾಗದಲ್ಲಿ ಬೆಳೆಯುವ ಅರ್ಮವೆಂಬ ಮಾಂಸವನ್ನು ಕೊಯ್ಯುವ ಮುನ್ನ ಅದನ್ನು ಇದರಿಂದ ಎತ್ತಿ ಹಿಡಿಯಬೇಕೆಂದು ಆತನು ವಿಧಿಸಿರುವನು. ಕಣ್ಣನ್ನು ಕೆಡಿಸುವ ವಸ್ತುವಿನ ಆಕಾರವೇ ಕಣ್ಣಿನ ಚಿಕಿತ್ಸೆಗೆ ಉಪಕರಣವಾಯಿತೆಂಬುದು ಸ್ವಾರಸ್ಯವಾಗಿದೆ.

ಗಾಳದ ಗಾಯವು ಇತರ ಗಾಯಗಳಿಂದ ಬೇರೆಯಾಗುವುದು ಅದರ ಮೊನೆಯ ಕೆಳಗೆ ಹಿಂದಕ್ಕೆ ತಿರುಗಿ ನಿಂತ ಮುಳ್ಳಿನಿಂದ. ಇದನ್ನು ಹಿಮ್ಮುಳ್ಳು ಎನ್ನೋಣ. ಒಳಹೋಗುವಾಗ ಇದು ತಡೆಯದು. ಹೊರಗೆಳೆದರೆ ಸಿಕ್ಕಿದುದನ್ನೆಲ್ಲ ಹರಿಯುವುದು. ಸುಶ್ರುತನ ಶಲ್ಯಾಪನಯನದ ಅಧ್ಯಾಯವು ಈ ತೊಡಕನ್ನು ಚೆನ್ನಾಗಿ ಅರಿತಿದೆ. ಶಲ್ಯವನ್ನು ತೆಗೆಯಲು ಎರಡು ದಾರಿಗಳು: ಬಂದ ದಾರಿಯಿಂದಲೇ ಹಿಂದಕ್ಕೆ ಸೆಳೆಯುವುದು ಪ್ರತಿಲೋಮ, ಹೋಗುತ್ತಿರುವ ದಿಕ್ಕಿನಲ್ಲಿಯೇ ಮುಂದಕ್ಕೆ ತೆಗೆಯುವುದು ಅನುಲೋಮ. ಹೆಚ್ಚು ಒಳಹೋಗದುದಕ್ಕೆ ಮೊದಲನೆಯದು, ಬಹಳ ದೂರ ಹೋದುದಕ್ಕೆ ಎರಡನೆಯದು. ವಾಗ್ಭಟನಾದರೋ ಕಿವಿಗಳುಳ್ಳ ಶಲ್ಯವನ್ನು ಹಿಡಿಯಲು ರಂಧ್ರಗಳುಳ್ಳ ನಾಡೀಯಂತ್ರಗಳನ್ನು ಹೇಳಿರುವನು.

ಇಂದಿನ ನೇತ್ರವೈದ್ಯರ ಕ್ರಮಗಳು ಇವುಗಳಿಗೆ ಆಶ್ಚರ್ಯಕರವಾಗಿ ಹತ್ತಿರವಾಗಿವೆ. ಹಿಮ್ಮುಳ್ಳು ಒಳಹೊಕ್ಕಿರದಿದ್ದರೆ ಗಾಳವನ್ನು ಬಂದ ದಾರಿಯಲ್ಲಿಯೇ ಹಿಂದೆಗೆಯುವರು. ಹೊಕ್ಕಿದ್ದರೆ ಮೊನೆಯನ್ನು ಮುಂದಕ್ಕೆ ನಡೆಸಿ, ಬೇರೊಂದು ಸಣ್ಣ ಕೊಯ್ತದಿಂದ ಹೊರತಂದು, ಹಿಮ್ಮುಳ್ಳನ್ನು ಕತ್ತರಿಸಿ, ಉಳಿದ ಕಾಂಡವನ್ನು ಹಿಂದಕ್ಕೆ ತೆಗೆಯುವರು. ಇಲ್ಲವೆ ಟೊಳ್ಳಾದ ದಪ್ಪ ಸೂಜಿಯನ್ನು ಗಾಯದೊಳಗೆ ಸೇರಿಸಿ, ಅದರ ಬಾಯಲ್ಲಿ ಹಿಮ್ಮುಳ್ಳನ್ನು ಅಡಗಿಸಿ, ಎರಡನ್ನೂ ಕೂಡಿ ಸೆಳೆಯುವರು. ಗಾಯವನ್ನೇ ಹಿಗ್ಗಿಸಿ ತೆಗೆಯುವುದೂ ಉಂಟು. ಬರ್ಲಿನ್ನಿನ ಹಿರ್ಷ್‌ಬರ್ಗನು ೧೮೭೯ರಲ್ಲಿ ಕಣ್ಣಿನೊಳಗಣ ಕಬ್ಬಿಣದ ಚೂರನ್ನು ವಿದ್ಯುದಯಸ್ಕಾಂತದಿಂದ ತೆಗೆದುದು ಪ್ರಸಿದ್ಧವಾಗಿದೆ. ಆದರೆ ಅಯಸ್ಕಾಂತವು ಸೆಳೆಯಬಲ್ಲುದೇ ಹೊರತು ಹಿಮ್ಮುಳ್ಳನ್ನು ಬಿಡಿಸಲಾರದಾದುದರಿಂದ ಗಾಳದ ವಿಷಯದಲ್ಲಿ ಅದು ನಿರರ್ಥಕ.

ಹಾಗಾದರೆ ಪ್ರಾಚೀನರಿಗೆ ಕೊರತೆಯಾದುದೇನು? ಉತ್ತರತಂತ್ರದ ನಯನಾಭಿಘಾತ ಪ್ರಕರಣವೇ ಇದನ್ನು ತಿಳಿಸುವುದು. ಒಂದು ಪಟಲಕ್ಕೆ ತಾಗಿದ ಗಾಯ ಸಾಧ್ಯ, ಎರಡಕ್ಕೆ ತಾಗಿದುದು ಕಷ್ಟಸಾಧ್ಯ, ಮೂರಕ್ಕೆ ತಾಗಿದುದನ್ನು ಬಿಟ್ಟುಬಿಡಬೇಕು. ತೆಗೆಯುವ ವಿದ್ಯೆಯಿತ್ತು; ತೆಗೆದಮೇಲೆ ಕಣ್ಣನ್ನು ಮುಚ್ಚಿ ಹೊಲಿಯುವ ವಿದ್ಯೆಯಿರಲಿಲ್ಲ. ೧೮೮೪ರಲ್ಲಿ ಕೊಲ್ಲರನು ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿದನು. ಕೂದಲಿಗಿಂತ ಸಣ್ಣ ನೈಲಾನ್ ಎಳೆಯಿಂದ ಸೂಕ್ಷ್ಮದರ್ಶಕದ ಕೆಳಗೆ ಹೊಲಿಯುವುದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದ ಸಾಧನೆ. ೧೯೭೦ರಲ್ಲಿ ಮಾಖೆಮರನು ಕಣ್ಣಿನೊಳಗಣ ಗಾಜಿನಂಥ ಲೋಳೆಯನ್ನು ಕತ್ತರಿಸಿ ತೆಗೆಯುವ ಕ್ರಮವನ್ನು ಕಂಡುಹಿಡಿದಮೇಲೆ ಹಿಂಭಾಗದ ಗಾಯಗಳಿಗೂ ಚಿಕಿತ್ಸೆಯುಂಟಾಯಿತು.

ಇನ್ನು ದೂರದ ಮಾತು. ಬಳ್ಳಾರಿ ಜಿಲ್ಲೆಯು ೧೯೫೩ರ ಅಕ್ಟೋಬರ್ ೧ರವರೆಗೆ ಮದರಾಸಿಗೆ ಸೇರಿದ್ದಿತು. ೧೮೧೯ರಲ್ಲಿ ಸ್ಥಾಪಿತವಾದ ಮದರಾಸಿನ ಸರ್ಕಾರಿ ನೇತ್ರಚಿಕಿತ್ಸಾಲಯವು ಲಂಡನ್ನಿನ ಮೂರ್‌ಫೀಲ್ಡ್ಸಿನ ತರುವಾಯ ಎಣಿಸತಕ್ಕ ಪುರಾತನ ಸಂಸ್ಥೆಯೇನೋ ಹೌದು. ಆದರೆ ಹಡಗಲಿಯ ಬೆಸ್ತನಿಗೆ ಅದರ ಹಿರಿಮೆಯಿಂದ ಆಗಬೇಕಾದುದೇನು? ೧೯೧೩ರಲ್ಲಿ ಕಟ್ಟಡವನ್ನು ಪಡೆದ ಬೆಂಗಳೂರಿನ ಮಿಂಟೋ ಆಸ್ಪತ್ರೆಯು ಬೇರೆ ರಾಜ್ಯದಲ್ಲಿದ್ದಿತು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬಳ್ಳಾರಿಯಲ್ಲಿ ೧೯೬೧ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದಮೇಲೆಯೇ ದಾರಿಯು ಒಂದು ದಿನದೊಳಗಿನದಾಯಿತು. ಬೀಳಗಿಯ ಡಾ. ಎಂ. ಸಿ. ಮೋದಿಯವರ ಶಿಬಿರಗಳು ಪೊರೆಯಿಂದ ಕುರುಡಾದವರಿಗೆ ಮಹೋಪಕಾರವನ್ನು ಮಾಡಿದುವು. ಪೊರೆಯು ಶಿಬಿರದ ದಿನಕ್ಕೆ ಕಾಯುವುದು, ಗಾಳವು ಕಾಯದು.

ತಡವಾದರೆ ಕೆಡುವುದು ಗಾಯಗೊಂಡ ಕಣ್ಣೊಂದೇ ಅಲ್ಲ. ಒಂದು ಕಣ್ಣಿಗೆ ತೂತು ಬಿದ್ದು ಒಳಪಟಲಕ್ಕೆ ಪೆಟ್ಟಾದಾಗ, ಅಪರೂಪವಾಗಿಯಾದರೂ, ವಾರಗಳ ಅಥವಾ ತಿಂಗಳುಗಳ ಬಳಿಕ ಇನ್ನೊಂದು ಕಣ್ಣೂ ಉರಿಗೊಂಡು ಕುರುಡಾಗುವುದುಂಟು. ಮೂರು ವರ್ಷದ ಬಾಲಕನಾಗಿದ್ದಾಗ ತಂದೆಯ ಚರ್ಮದ ಅಂಗಡಿಯಲ್ಲಿ ಉಳಿಯಿಂದ ಒಂದು ಕಣ್ಣನ್ನು ತಿವಿದುಕೊಂಡ ಲೂಯಿ ಬ್ರೈಲನು ಎರಡನ್ನೂ ಕಳೆದುಕೊಂಡನು. ಇದನ್ನು ತಡೆಯಲು ಬೆಳಕನ್ನೂ ಕಾಣದ ಕಣ್ಣನ್ನು ಎರಡು ವಾರಗಳೊಳಗೆ ಕಿತ್ತುಬಿಡುವುದು ಬಹುಕಾಲ ನಿಯಮವಾಗಿದ್ದಿತು. ಈಗ ಆದಷ್ಟು ಬೇಗ ಹೊಲಿದು ಉಳಿಸಲು ಮೊದಲು ಯತ್ನಿಸುವರು. ಆದುದರಿಂದ ದಡದಲ್ಲಿ ಮಾಡತಕ್ಕ ಕೆಲಸ ಸ್ವಲ್ಪವೇ: ಗಾಳವನ್ನು ಎಳೆಯದೆ, ಕಣ್ಣನ್ನು ಒತ್ತದೆ, ತೊಳೆಯದೆ, ಮದ್ದು ಹಿಂಡದೆ, ದಾರವನ್ನು ಕತ್ತರಿಸಿ, ಗಾಳಕ್ಕೆ ತಾಗದಂತೆ ಒಂದು ಬಟ್ಟಲನ್ನು ಮೇಲೆ ಕವುಚಿ ಕಟ್ಟಿ, ಶಸ್ತ್ರವೈದ್ಯರಿರುವ ಆಸ್ಪತ್ರೆಗೆ ಆಗಲೇ ಹೊರಡುವುದು. ದಾರಿಯಲ್ಲಿ ಅನ್ನನೀರನ್ನೂ ಕೊಡಕೂಡದು, ಏಕೆಂದರೆ ಈ ಶಸ್ತ್ರಚಿಕಿತ್ಸೆಯನ್ನು ಸಾಮಾನ್ಯವಾಗಿ ಪೂರ್ಣವಾಗಿ ಪ್ರಜ್ಞೆ ತಪ್ಪಿಸಿಯೇ ಮಾಡುವರು. ಕಣ್ಣಿನ ಹಿಂದೆ ಸೂಜಿಮದ್ದು ಹಾಕಿದರೆ ಒತ್ತಡದಿಂದ ಒಳಗಿನದೆಲ್ಲ ಗಾಯದ ಬಾಯಿಂದ ಹೊರಬರುವ ಭಯವಿದೆ.