ಸಾಸಿವೆ ಡಬ್ಬಿಯಿಂದ ಪಿಗ್ಮಿಯವರೆಗೆ: ನಮ್ಮ ಮನೆಗಳ ಉಳಿತಾಯದ ಚರಿತ್ರೆ

ಜರ್ಮನಿಯಲ್ಲಿ ಹುಟ್ಟಿ ಬೆಳೆದ ಕನ್ನಡದ ಹುಡುಗ ಹುಡುಗಿಯರೇ, ಅಕ್ಟೋಬರ್ ಕೊನೆ ಬಂತೆಂದರೆ ಇಲ್ಲಿನ ಬ್ಯಾಂಕುಗಳಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಅನೇಕರು ಚಿಕ್ಕವರಿದ್ದಾಗ ಹಂದಿ ಗೋಲಕವನ್ನು ಎದೆಗವಚಿಕೊಂಡು ಬ್ಯಾಂಕಿಗೆ ಹೋಗಿ, ಚಿಲ್ಲರೆ ಎಣಿಸಿಕೊಟ್ಟು, ಒಂದು ಪುಟ್ಟ ಉಡುಗೊರೆ ತಂದವರೇ. ಅದು ವೆಲ್ಟ್‌ಶ್ಪಾರ್‌ಟಾಗ್, ಅಂದರೆ ವಿಶ್ವ ಉಳಿತಾಯ ದಿನ. 1924ರಲ್ಲಿ ಇಟಲಿಯ ಮಿಲಾನಿನಲ್ಲಿ ಸೇರಿದ್ದ ಉಳಿತಾಯ ಬ್ಯಾಂಕುಗಳ ಸಮಾವೇಶದಲ್ಲಿ ಗೊತ್ತಾದ ದಿನ ಅದು. ಅದರ ಹಿಂದಿನ ವರ್ಷ, 1923ರಲ್ಲಿ, ಈ ದೇಶದಲ್ಲಿ ಹಣದ ಬೆಲೆ ಎಷ್ಟು ಕುಸಿಯಿತೆಂದರೆ ಜೀವಮಾನವಿಡೀ ಕೂಡಿಟ್ಟ ದುಡ್ಡಿಗೆ ಒಂದು ಬ್ರೆಡ್ಡು ಕೂಡ ಬರದಂತಾಯಿತು. ಅಂಥ ಪೆಟ್ಟು ತಿಂದ ಜನ ಮತ್ತೆ ಉಳಿಸುವುದನ್ನು ಕಲಿಯಬೇಕಿತ್ತು.

ಕನ್ನಡಕ್ಕೂ ಜರ್ಮನಿಗೂ ಇರುವ ನಂಟು ಎಂದರೆ ನಾವು ಕಿಟೆಲ್ ಅವರ ಹೆಸರು, 1894ರ ಅವರ ನಿಘಂಟಿನ ಹೆಸರು ಹೇಳಿ ಮುಗಿಸಿಬಿಡುತ್ತೇವೆ. ಇನ್ನೊಂದು ನಂಟೂ ಇದೆ. ಅದು ದುಡ್ಡು ಉಳಿಸುವ ನಂಟು. ಇವತ್ತು ಅದನ್ನು ಹೇಳುತ್ತೇನೆ. ಆದರೆ ಬ್ಯಾಂಕಿಗೆ ಹೋಗುವ ಮೊದಲು ಅಡುಗೆಮನೆಗೆ ಹೋಗೋಣ, ಉಳಿತಾಯ ಹುಟ್ಟಿದ್ದು ಅಲ್ಲಿ.

ನಿಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಸಾಲಾಗಿ ಡಬ್ಬಿಗಳಿದ್ದವು: ಜೀರಿಗೆ, ಮೆಂತ್ಯ, ಕಡಲೆಬೇಳೆ, ಸಾಸಿವೆ. ಸಾಸಿವೆ ಡಬ್ಬಿಯಲ್ಲಿ ಸಾಸಿವೆಯ ಜೊತೆಗೆ ಇನ್ನೊಂದು ವಸ್ತು ಇರುತ್ತಿತ್ತು. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಉಳಿದ ನಾಲ್ಕಾಣೆ, ಹಳೇ ಪೇಪರ್ ಮಾರಿ ಬಂದ ಎರಡು ರೂಪಾಯಿ, ತವರಿನಿಂದ ಹೊರಡುವಾಗ ಅಣ್ಣ ಕೈಗಿತ್ತ ಹತ್ತರ ನೋಟು. ಅದನ್ನು ಅಲ್ಲೇ ಏಕೆ ಇಡಬೇಕು? ಆ ಕಾಲದ ಗಂಡಸರು ಬೀರು ತೆಗೆಯುತ್ತಿದ್ದರು, ಪೆಟ್ಟಿಗೆ ತೆಗೆಯುತ್ತಿದ್ದರು. ಸಾಸಿವೆ ಡಬ್ಬಿ ತೆಗೆಯುತ್ತಿರಲಿಲ್ಲ. ಬ್ಯಾಂಕಿನ ಲಾಕರಿಗಿಂತ ಭದ್ರ! ಕನ್ನಡದಲ್ಲಿ ‘ಸಾಸಿವೆ ಡಬ್ಬಿ ದುಡ್ಡು’ ಎಂದರೆ ಹೆಂಗಸು ಗುಟ್ಟಾಗಿ ಉಳಿಸಿದ ಹಣ ಎಂದೇ ಅರ್ಥವಾಗಿಬಿಟ್ಟಿತು. ಮಗುವಿಗೆ ರಾತ್ರಿ ಜ್ವರ ಬಂದಾಗ, ಶಾಲೆಯ ಫೀಸಿಗೆ ಕೊನೆಯ ದಿನ ಬಂದಾಗ ಆ ಡಬ್ಬಿಯ ಮುಚ್ಚಳ ತೆರೆಯುತ್ತಿತ್ತು.

ದುಡ್ಡೇ ಇಲ್ಲದ ಮನೆಯಲ್ಲೂ ಉಳಿತಾಯವಿತ್ತು. ಅಡುಗೆಗೆ ಅಕ್ಕಿ ಅಳೆಯುವಾಗ ಅದರಿಂದ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು. ಅದು ಮುಷ್ಟಿ ಅಕ್ಕಿ. ಕೆಲವರು ಅದನ್ನು ಮಠಕ್ಕೋ ದೇವರ ಕಾರ್ಯಕ್ಕೋ ಕೊಡುತ್ತಿದ್ದರು, ಕೆಲವರಿಗೆ ಅದು ಮಳೆಗಾಲದ ಕಷ್ಟಕ್ಕೆ. ಒಂದು ಹಿಡಿ ಕಡಿಮೆಯಾದರೆ ಅನ್ನದಲ್ಲಿ ಗೊತ್ತಾಗುವುದಿಲ್ಲ, ಆದರೆ ಗಡಿಗೆಯಲ್ಲಿ ಗೊತ್ತಾಗುತ್ತದೆ. ‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆ ಕೇಳಿದ್ದೀರಲ್ಲ? ಬಳ್ಳ ಎಂದರೆ ಧಾನ್ಯ ಅಳೆಯುವ ಒಂದು ಅಳತೆ. ಆ ಗಾದೆ ಕಟ್ಟಿದವರು ಬ್ಯಾಂಕನ್ನು ಕಂಡವರಲ್ಲ.

ಇನ್ನು ಚೀಟಿ. ನೀವು ಬೆಂಗಳೂರಿಗೆ ಹೋದಾಗ ಚಿಕ್ಕಮ್ಮ ‘ಈ ತಿಂಗಳು ಚೀಟಿ ಎತ್ತಿದೆ’ ಎಂದರೆ ಏನರ್ಥ? ಹತ್ತು ಜನ ಸೇರಿ ತಿಂಗಳಿಗೆ ತಲಾ 100 ರೂಪಾಯಿ ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಒಟ್ಟು 1000. ತುರ್ತಾಗಿ ಬೇಕಾದವರು ‘ನನಗೆ 800 ಕೊಟ್ಟರೆ ಸಾಕು’ ಎಂದು ಕೂಗುತ್ತಾರೆ. ಉಳಿದ 200 ಹತ್ತು ಜನಕ್ಕೂ ಹಂಚಿಹೋಗುತ್ತದೆ, ಒಬ್ಬೊಬ್ಬರಿಗೆ 20. ಹತ್ತು ತಿಂಗಳಲ್ಲಿ ಎಲ್ಲರಿಗೂ ಒಂದೊಂದು ಸಲ ಹಣ ಸಿಗುತ್ತದೆ. ತುರ್ತು ಇದ್ದವರಿಗೆ ಇದು ಸಾಲ, ಕಾಯುವವರಿಗೆ ಇದು ಉಳಿತಾಯ. ನಡೆಸುವವರು ಒಳ್ಳೆಯವರಾದರೆ ಸರಿ. ಅವರು ಊರು ಬಿಟ್ಟು ಓಡಿಹೋದರೆ ‘ಚೀಟಿ ಮುಳುಗಿತು’ ಎನ್ನುತ್ತಾರೆ. ಹಾಗೆ ಮುಳುಗಿದ ಮನೆಗಳು ಒಂದೆರಡಲ್ಲ. ಕೊನೆಗೆ 1982ರಲ್ಲಿ ಭಾರತ ಸರ್ಕಾರ ಚೀಟಿ ವ್ಯವಹಾರಕ್ಕೇ ಒಂದು ಕಾನೂನು ಮಾಡಿತು.

ಇಲ್ಲಿಗೆ ಒಂದು ಮಾತು ಸ್ಪಷ್ಟವಾಯಿತು. ಉಳಿಸುವ ಬುದ್ಧಿ ನಮ್ಮ ಜನಕ್ಕೆ ಮೊದಲೇ ಇತ್ತು, ಇಲ್ಲದ್ದು ನಂಬಿ ಇಡುವ ಜಾಗ. ಹಳ್ಳಿಯಲ್ಲಿ ಬಿತ್ತನೆಗೆ ದುಡ್ಡು ಬೇಕಾದರೆ ಸಾಹುಕಾರನ ಮನೆ. ಅಲ್ಲಿ ಬಡ್ಡಿಗೆ ಬಡ್ಡಿ ಬೆಳೆದು ಹೊಲವೇ ಹೋಗುತ್ತಿತ್ತು.

ಇದೇ ಕಷ್ಟ ಜರ್ಮನಿಯ ಹಳ್ಳಿಗಳಲ್ಲೂ ಇತ್ತು. 1818ರಲ್ಲಿ ಹುಟ್ಟಿದ ಫ್ರೀಡ್ರಿಷ್ ವಿಲ್ಹೆಲ್ಮ್ ರೈಫೈಸನ್ ಎಂಬ ಮೇಯರ್ ಅದನ್ನು ಕಣ್ಣಾರೆ ಕಂಡರು. ದಾನ ಮಾಡಿ ನೋಡಿದರು. ದಾನ ಮುಗಿದ ದಿನ ಬಡತನ ಮತ್ತೆ ಶುರುವಾಗುತ್ತಿತ್ತು. 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ ಅವರು ಸಾಲದ ಸಂಘ ಕಟ್ಟಿದರು. ಒಂದು ಊರಿನವರೇ ಸದಸ್ಯರು, ಎಲ್ಲರೂ ಎಲ್ಲರನ್ನೂ ಬಲ್ಲವರು, ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಹೊಲ ಇಲ್ಲದವನಿಗೆ ಅವನ ನಡತೆಯೇ ಅಡಮಾನ. ನಿಮ್ಮ ಊರಿನ ಪೇಟೆಬೀದಿಯಲ್ಲಿ ರೈಫೈಸನ್ ಬ್ಯಾಂಕ್ ಎಂಬ ಬೋರ್ಡು ಇದ್ದರೆ, ಅದು ಈ ಮನುಷ್ಯನ ಹೆಸರು.

ಆಗ ಮದ್ರಾಸ್ ಸರ್ಕಾರದಲ್ಲಿ ಫ್ರೆಡರಿಕ್ ನಿಕಲ್ಸನ್ ಎಂಬ ಅಧಿಕಾರಿ ಇದ್ದರು. ರೈತರ ಸಾಲಕ್ಕೆ ದಾರಿ ಹುಡುಕಲು ಅವರನ್ನು ಯೂರೋಪಿಗೆ ಕಳುಹಿಸಿದರು. 1895 ಮತ್ತು 1897ರಲ್ಲಿ ಅವರು ಎರಡು ಸಂಪುಟಗಳ ದೊಡ್ಡ ವರದಿ ಕೊಟ್ಟರು. ಅದರ ಸಾರ ಎರಡೇ ಪದದಲ್ಲಿದೆ ಎನ್ನುತ್ತಾರೆ: ರೈಫೈಸನ್‌ನನ್ನು ಹುಡುಕಿ. 1904ರಲ್ಲಿ ಸಹಕಾರ ಪತ್ತಿನ ಸಂಘಗಳ ಕಾನೂನು ಬಂತು. ಮರುವರ್ಷವೇ, 1905ರಲ್ಲಿ, ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಒಂದು ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವೆಂದು ಅದು ಹೆಸರಾಗಿದೆ. ರೈನ್ ನದಿಯ ದಡದಲ್ಲಿ ಮೊಳೆತ ಒಂದು ವಿಚಾರ ನಲವತ್ತು ವರ್ಷದಲ್ಲಿ ಗದಗಿನ ಕಪ್ಪು ಮಣ್ಣಿಗೆ ಬಂದು ಬೇರು ಬಿಟ್ಟಿತು. 2016ರಲ್ಲಿ ಜರ್ಮನಿಯ ಈ ಸಹಕಾರದ ಕಲ್ಪನೆ ಯುನೆಸ್ಕೋದ ಪರಂಪರೆ ಪಟ್ಟಿಗೆ ಸೇರಿತು. ಆ ಪರಂಪರೆಯಲ್ಲಿ ಒಂದು ಪಾಲು ನಿಮ್ಮ ಮುತ್ತಜ್ಜನದೂ ಹೌದು.

ಈಗ ಕರಾವಳಿಗೆ ಹೋಗೋಣ. 1906ನೇ ಇಸವಿಯಲ್ಲಿ ಅಲ್ಲಿ ಎರಡು ಬ್ಯಾಂಕು ಹುಟ್ಟಿದವು. ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸುರು ಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಬಂಡವಾಳ 5,000 ರೂಪಾಯಿ. ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಬಂದದ್ದು 38 ರೂಪಾಯಿ 13 ಆಣೆ 2 ಪೈ. ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಸ್ಥಾಪಿಸಿದ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಮುಂದೆ ಕೆನರಾ ಬ್ಯಾಂಕ್ ಆಯಿತು. ಜನರಲ್ಲಿ ಮಿತವ್ಯಯ ಮತ್ತು ಉಳಿತಾಯದ ಅಭ್ಯಾಸ ಬೆಳೆಸುವುದು ಅದರ ಉದ್ದೇಶಗಳಲ್ಲೇ ಒಂದಾಗಿತ್ತು.

ಆದರೆ ಸಾಸಿವೆ ಡಬ್ಬಿಯವಳು ಇನ್ನೂ ಬ್ಯಾಂಕಿನ ಮೆಟ್ಟಿಲು ಹತ್ತಿರಲಿಲ್ಲ. ಎರಡಾಣೆ ಹಿಡಿದುಕೊಂಡು ಹೋದರೆ ಕೌಂಟರಿನವರು ಏನೆಂದಾರು ಎಂಬ ಸಂಕೋಚ. ಮೀನು ಮಾರುವವಳಿಗೆ, ಬೀಡಿ ಕಟ್ಟುವವಳಿಗೆ, ಮಗ್ಗದವನಿಗೆ ಬ್ಯಾಂಕು ತೆರೆದಿರುವ ಹೊತ್ತೇ ಕೆಲಸದ ಹೊತ್ತು.

1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾಕ್ಟರ್ ಟಿ.ಎಂ.ಎ. ಪೈ ಸೇರಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಲ್ಲಿ ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್ ತೆರೆದರು. ಕೈಮಗ್ಗ ನೆಲಕಚ್ಚಿ ನೇಕಾರರು ಕಂಗಾಲಾಗಿದ್ದರು. ಅವರಿಗೆ ಸಾಲ ಕೊಡುವುದು ಮುಖ್ಯ ಉದ್ದೇಶ. ಸಾಲ ಕೊಡಲು ಠೇವಣಿ ಬೇಕಲ್ಲ? 1928ರಲ್ಲಿ ಅವರು ಒಂದು ಯೋಜನೆ ತಂದರು. ಜನ ಬ್ಯಾಂಕಿಗೆ ಬರುವುದು ಬೇಡ, ಬ್ಯಾಂಕೇ ಜನರ ಮನೆಗೆ ಹೋಗಲಿ. ಏಜೆಂಟ್ ದಿನಾ ಬಾಗಿಲಿಗೆ ಬರುತ್ತಾನೆ. ಎರಡಾಣೆ ಕೊಟ್ಟರೂ ಸಾಕು, ಬರೆದುಕೊಂಡು ಹೋಗುತ್ತಾನೆ. ಅದರ ಹೆಸರು ಪಿಗ್ಮಿ. ಆಫ್ರಿಕಾದ ಜನರನ್ನು ಹಾಗೆ ಕರೆಯುವುದು ಸರಿಯಲ್ಲ ಎಂದು ನೀವು ಈಗ ಶಾಲೆಯಲ್ಲಿ ಕಲಿಯುತ್ತೀರಿ, ಅದು ನಿಜ. ಆದರೆ ಕನ್ನಡದಲ್ಲಿ ಆ ಪದಕ್ಕೆ ‘ದಿನದ ಪುಟ್ಟ ಠೇವಣಿ’ ಎಂಬ ಅರ್ಥವೇ ಉಳಿದಿದೆ.

ಲೆಕ್ಕ ಮಾಡಿ ನೋಡಿ. ರೂಪಾಯಿಗೆ 16 ಆಣೆ. ದಿನಕ್ಕೆ 2 ಆಣೆ ಎಂದರೆ ಎಂಟು ದಿನಕ್ಕೆ ಒಂದು ರೂಪಾಯಿ, ತಿಂಗಳಿಗೆ 3 ರೂಪಾಯಿ 12 ಆಣೆ, ವರ್ಷಕ್ಕೆ 45 ರೂಪಾಯಿ 10 ಆಣೆ. ಮೇಲೆ ಬಡ್ಡಿ. ಒಟ್ಟಿಗೆ 45 ರೂಪಾಯಿ ತೆಗೆದಿಡಲು ಯಾವ ನೇಕಾರನಿಂದಲೂ ಆಗುತ್ತಿರಲಿಲ್ಲ, ಎರಡಾಣೆ ಆಗುತ್ತಿತ್ತು. ಇನ್ನೊಂದು ಗುಟ್ಟೂ ಇದರಲ್ಲಿದೆ. ಹಣ ಕೈಯಲ್ಲಿದ್ದರೆ ಸಂಜೆಯೊಳಗೆ ಖರ್ಚಾಗುತ್ತದೆ. ನಾಳೆ ಬೆಳಿಗ್ಗೆ ಒಬ್ಬ ಬಂದು ಬಾಗಿಲಲ್ಲಿ ನಿಲ್ಲುತ್ತಾನೆ ಎಂದು ಗೊತ್ತಿದ್ದರೆ ಅದು ಉಳಿಯುತ್ತದೆ. ಆ ಸಿಂಡಿಕೇಟೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1969ರಲ್ಲಿ ರಾಷ್ಟ್ರೀಕರಣವಾಯಿತು, 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು. ಹೆಸರು ಹೋದರೂ ಪಿಗ್ಮಿ ಹೋಗಲಿಲ್ಲ. ಕರ್ನಾಟಕದ ಸಹಕಾರ ಸಂಘಗಳ ಪಿಗ್ಮಿಯವರು ಇವತ್ತಿಗೂ ಅಂಗಡಿ ಅಂಗಡಿ ಸುತ್ತುತ್ತಾರೆ. ಬಿಸಿಲು ಮಳೆಯೆನ್ನದೆ ತಿರುಗುವ ಇವರು ಬ್ಯಾಂಕಿನ ನೌಕರರೋ ಬರೀ ಕಮಿಷನ್ನಿನವರೋ ಎಂಬ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2001ರಲ್ಲಿ ಕೋರ್ಟು ಇವರೂ ಕಾರ್ಮಿಕರೇ ಎಂದು ಹೇಳಿತು.

ಎಂಬತ್ತರ ದಶಕದಲ್ಲಿ ಕರ್ನಾಟಕದ ಹಳ್ಳಿಯ ಹೆಂಗಸರು ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಮೈರಾಡ ಸಂಸ್ಥೆ ಕೆಲಸ ಮಾಡುತ್ತಿದ್ದ ಊರುಗಳಲ್ಲಿ ಹದಿನೈದು ಇಪ್ಪತ್ತು ಜನರ ಚಿಕ್ಕ ಗುಂಪುಗಳು ವಾರವಾರ ದುಡ್ಡು ಕೂಡಿಸಿ ತಮ್ಮೊಳಗೇ ಸಾಲ ಕೊಟ್ಟುಕೊಂಡವು. 1992ರಲ್ಲಿ ನಬಾರ್ಡ್ ಇಂಥ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಸುರು ಮಾಡಿತು. ಸ್ವಸಹಾಯ ಸಂಘ ಎಂದರೆ ಅದೇ. ಮುಷ್ಟಿ ಅಕ್ಕಿಗೂ ಚೀಟಿಗೂ ರೈಫೈಸನ್ನನಿಗೂ ಹುಟ್ಟಿದ ಕೂಸು ಎನ್ನಬಹುದು.

ಈಗ ಮುಖ್ಯವಾದ ಪ್ರಶ್ನೆ: ಸಾಸಿವೆ ಡಬ್ಬಿಯ ದುಡ್ಡು ಯಾರದು? ಈ ಪ್ರಶ್ನೆಗೆ ಒಂಬೈನೂರು ವರ್ಷದ ಹಿಂದೆ ಕನ್ನಡನಾಡಿನಲ್ಲೇ ಕೂತು ಒಬ್ಬರು ತಲೆ ಕೆಡಿಸಿಕೊಂಡಿದ್ದರು. ಇಂದಿನ ಬಸವಕಲ್ಯಾಣದಲ್ಲಿ, ಆರನೇ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ‘ಮಿತಾಕ್ಷರಾ’ ಬರೆದರು. ಸ್ತ್ರೀಧನ ಎಂದರೆ ಮದುವೆಯ ಉಡುಗೊರೆ ಮಾತ್ರವಲ್ಲ. ವಾರಸಿನಿಂದ, ಖರೀದಿಯಿಂದ, ಪಾಲಿನಿಂದ ಬಂದದ್ದೂ ಸ್ತ್ರೀಧನವೇ ಎಂದು ಅವರು ಅರ್ಥ ಹಿಗ್ಗಿಸಿದರು. ಇಂಗ್ಲಿಷರ ಕಾಲದ ನ್ಯಾಯಾಲಯಗಳು ಅದನ್ನು ಮತ್ತೆ ಕುಗ್ಗಿಸಿದವು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ ಹೆಂಗಸು ತನ್ನ ಆಸ್ತಿಗೆ ಪೂರ್ಣ ಒಡತಿಯಾದಳು. ಪಶ್ಚಿಮ ಜರ್ಮನಿಯಲ್ಲಿ ಮನೆಯ ವಿಷಯಕ್ಕೆ ಗಂಡನದೇ ಕೊನೆಯ ಮಾತು ಎಂಬ ಸಾಲು ಕಾನೂನು ಪುಸ್ತಕದಿಂದ ಅಳಿದದ್ದು 1958ರಲ್ಲಿ. ‘ಅಲ್ಲಿ ಹಾಗೆ, ಇಲ್ಲಿ ಹೀಗೆ’ ಎಂದು ಹೇಳುವ ಮೊದಲು ಈ ಎರಡು ಇಸವಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ.

ಆದರೂ ಕಾನೂನು ಬೇರೆ, ಡಬ್ಬಿ ಬೇರೆ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1000ದ ನೋಟು ರದ್ದಾದಾಗ ಲಕ್ಷಾಂತರ ಡಬ್ಬಿಗಳು ಒಮ್ಮೆಲೇ ಬಾಯಿ ತೆರೆದವು. ವರ್ಷಗಟ್ಟಲೆ ಗುಟ್ಟಾಗಿದ್ದದ್ದನ್ನು ಗಂಡನ ಮುಂದೆ, ಬ್ಯಾಂಕಿನ ಕ್ಯೂನಲ್ಲಿ ಹೊರಗೆ ತೆಗೆಯಬೇಕಾಯಿತು. ಕೆಲವರಿಗೆ ‘ಇದೆಲ್ಲಿಂದ ಬಂತು’ ಎಂದು ತೆರಿಗೆಯವರ ನೋಟಿಸೂ ಬಂತು. ಹಾಗೆ 2,11,500 ರೂಪಾಯಿ ಕಟ್ಟಿದ್ದ ಗೃಹಿಣಿಯೊಬ್ಬರ ಪ್ರಕರಣದಲ್ಲಿ ಆಗ್ರಾದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2021ರಲ್ಲಿ ಆಕೆಯ ಪರವಾಗಿ ತೀರ್ಪು ಕೊಟ್ಟಿತು. ಗೃಹಿಣಿ ಉಳಿಸಿ ಕಟ್ಟಿದ ಎರಡೂವರೆ ಲಕ್ಷದವರೆಗಿನ ಹಣವನ್ನು ಲೆಕ್ಕವಿಲ್ಲದ ಆದಾಯವೆನ್ನಲಾಗದು ಎಂಬುದು ಅದರ ತಾತ್ಪರ್ಯ. ಒಬ್ಬಳು ಹೆಂಗಸು ಸೊಪ್ಪಿನಲ್ಲಿ ನಾಲ್ಕಾಣೆ ಉಳಿಸುವುದೂ ಒಂದು ದುಡಿಮೆ ಎಂದು ಒಪ್ಪಿಕೊಳ್ಳಲು ನಮಗೆ ಇಷ್ಟು ಕಾಲ ಬೇಕಾಯಿತು.

ನಿಮಗೆ ಈಗ ಮೊದಲ ಸಂಬಳ ಬರುವ ವಯಸ್ಸು. ಈ ಚರಿತ್ರೆಯಿಂದ ಮೂರು ಮಾತು ಇಟ್ಟುಕೊಳ್ಳಿ. ಒಂದು, ಮೊತ್ತ ಸಣ್ಣದಿರಲಿ, ತಪ್ಪದಿರಲಿ. ಸಂಬಳ ಬಂದ ದಿನವೇ ಒಂದಿಷ್ಟು ತಾನಾಗಿ ಬೇರೆ ಖಾತೆಗೆ ಹೋಗುವಂತೆ ಬ್ಯಾಂಕಿಗೆ ಹೇಳಿಡಿ. ಇಲ್ಲಿ ಡವರ್‌ಔಫ್‌ಟ್ರಾಗ್ ಎನ್ನುವುದು ಬಾಗಿಲಿಗೆ ಬರುವ ಪಿಗ್ಮಿಯವನೇ. ಎರಡು, ಹೆಚ್ಚು ಲಾಭದ ಆಸೆಗೆ ಗುರುತಿಲ್ಲದವರ ಚೀಟಿಗೆ, ಅದು ಫೋನಿನೊಳಗಿನ ಚೀಟಿಯಾದರೂ, ದುಡ್ಡು ಹಾಕಬೇಡಿ. ಮೂರು, ಹುಡುಗಿಯರೇ, ನಿಮ್ಮ ಉಳಿತಾಯ ನಿಮ್ಮ ಹೆಸರಿನಲ್ಲೇ ಇರಲಿ. ಹುಡುಗರೇ, ನಾಳೆ ನಿಮ್ಮ ಮನೆಯಾಕೆ ದುಡ್ಡನ್ನು ಡಬ್ಬಿಯಲ್ಲಿ ಬಚ್ಚಿಡಬೇಕಾದ ಪರಿಸ್ಥಿತಿ ಬರದಂತೆ ನೋಡಿಕೊಳ್ಳಿ.

ಭಾನುವಾರ ಊರಿಗೆ ಫೋನ್ ಮಾಡುತ್ತೀರಲ್ಲ, ‘ಊಟ ಆಯ್ತಾ ಅಜ್ಜಿ’ ಎಂದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: ‘ನೀವು ದುಡ್ಡು ಎಲ್ಲಿ ಇಡ್ತಿದ್ರಿ? ಏನಕ್ಕೆ ತೆಗೀತಿದ್ರಿ?’ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ. ಅದನ್ನು ಬರೆದಿಟ್ಟುಕೊಳ್ಳಿ. ಯಾವ ಬ್ಯಾಂಕಿನ ಇತಿಹಾಸದಲ್ಲೂ ಆ ಲೆಕ್ಕ ಸಿಗುವುದಿಲ್ಲ.