ಪ್ರಿಹ್ಯಾಬಿಲಿಟೇಷನ್ (ಕರುಳಿನ ಕ್ಯಾನ್ಸರ್)

ರೋಗ ಪತ್ತೆಯಾದ ದಿನಕ್ಕೂ ಶಸ್ತ್ರಚಿಕಿತ್ಸೆಗೂ ನಡುವಿನ ವಾರಗಳಲ್ಲಿ ವ್ಯಾಯಾಮ, ಆಹಾರ ಮತ್ತು ಮನೋಬೆಂಬಲದಿಂದ ರೋಗಿಯ ಕಸುವನ್ನು ಹೆಚ್ಚಿಸುವ ಕ್ರಮ. ಎರಡನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸೇನೆ, ಭರ್ತಿಗೆ ಬಂದ ಬಡಕಲು ಯುವಕರನ್ನು ಗಟ್ಟಿಗೊಳಿಸುವ ತರಬೇತಿಯನ್ನು ಇದೇ ಹೆಸರಿನಿಂದ ಕರೆದಿತ್ತು.

ದೊಡ್ಡ ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾಗುವ ಆಮ್ಲಜನಕ ಏರುತ್ತದೆ; ಹೃದಯ, ಶ್ವಾಸಕೋಶಗಳು ಅದನ್ನು ಪೂರೈಸಲಾರದಾದಾಗ ತೊಡಕುಗಳು ತಲೆದೋರುತ್ತವೆ. ಆಸ್ಟ್ರೇಲಿಯಾದ ಪಾಲ್ ಓಲ್ಡರ್ ಮತ್ತು ಸಂಗಡಿಗರು 187 ವೃದ್ಧ ರೋಗಿಗಳನ್ನು ಶಸ್ತ್ರಚಿಕಿತ್ಸೆಗೆ ಮೊದಲು ಸೈಕಲ್ ತುಳಿಸಿ ಪರೀಕ್ಷಿಸಿದ ಫಲಿತಾಂಶ 1993ರಲ್ಲಿ ಪ್ರಕಟವಾಯಿತು. ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ಶೇಖರವಾಗತೊಡಗುವ ಹಂತದಲ್ಲಿ, ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 11 ಮಿಲಿಲೀಟರ್‌ಗಿಂತ ಕಡಿಮೆ ಆಮ್ಲಜನಕ ಬಳಸುತ್ತಿದ್ದವರಲ್ಲಿ ಶೇ. 18ರಷ್ಟು ಮಂದಿ ಹೃದಯ ಸಂಬಂಧಿ ಕಾರಣಗಳಿಂದ ಸತ್ತರು; ಉಳಿದವರಲ್ಲಿ ಈ ಪ್ರಮಾಣ ಶೇ. 0.8. ಈ ಅಂಕಿಯೇ ಮುಂದಿನ ಸಂಶೋಧನೆಗೆಲ್ಲ ಆಸೆ ಹುಟ್ಟಿಸಿತು. ಆದರೆ ಕಸುವು ಕಡಿಮೆಯಿದ್ದವರಿಗೆ ಅಪಾಯ ಹೆಚ್ಚೆಂದು ತಿಳಿದ ಮಾತ್ರಕ್ಕೆ, ಕಸುವು ಹೆಚ್ಚಿಸಿದರೆ ಅಪಾಯ ತಗ್ಗುತ್ತದೆಂದು ಹೇಳಲಾಗದು. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪುಗಳಾಗಿ ಹಂಚಿ ಹೋಲಿಸಿದರಷ್ಟೇ ಆ ಉತ್ತರ ಸಿಗುತ್ತದೆ.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಫ್ರಾಂಕೊ ಕಾರ್ಲಿ ತಂಡದ 2010ರ ಪ್ರಯೋಗ ನಿರೀಕ್ಷೆಯನ್ನೇ ತಲೆಕೆಳಗು ಮಾಡಿತು. ಮನೆಯಲ್ಲಿ ಸೈಕಲ್, ಭಾರದ ವ್ಯಾಯಾಮ ಮಾಡಬೇಕಾಗಿದ್ದವರಿಗಿಂತ, ಹೋಲಿಕೆಗೆಂದು ಇರಿಸಿದ್ದ ನಡಿಗೆ–ಉಸಿರಾಟದ ಗುಂಪೇ ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲಿ ಮುಂದಿತ್ತು. ವ್ಯಾಯಾಮ ವ್ಯರ್ಥವೆಂಬುದಕ್ಕೆ ಇದನ್ನು ಸಾಕ್ಷಿಯಾಗಿ ಹಿಡಿಯುವುದು ಆತುರದ ತೀರ್ಮಾನ: ಸೈಕಲ್ ಗುಂಪಿನಲ್ಲಿ ಹೇಳಿದಷ್ಟನ್ನು ಮಾಡಿದವರೇ ವಿರಳ. ಅದೇ ತಂಡದ 2014ರ ಪ್ರಯೋಗದಲ್ಲಿ ಹಾಲಿನ ವೇ ಪ್ರೋಟೀನ್ ಮತ್ತು ಮನಸ್ಸು ಸಡಿಲಿಸುವ ಅಭ್ಯಾಸಗಳೂ ಸೇರಿದವು. ಶಸ್ತ್ರಚಿಕಿತ್ಸೆಯಾಗಿ ಎಂಟು ವಾರಗಳ ನಂತರ ಮೊದಲಿನ ನಡಿಗೆ ಸಾಮರ್ಥ್ಯ ಮರಳಿ ಪಡೆದವರು ಶೇ. 84. ಇದೇ ಕ್ರಮವನ್ನು ಶಸ್ತ್ರಚಿಕಿತ್ಸೆಯ ನಂತರ ಆರಂಭಿಸಿದವರಲ್ಲಿ ಶೇ. 62. ಆದರೂ ತೊಡಕುಗಳು ಕಡಿಮೆಯಾಗಿರಲಿಲ್ಲ. ಆ ಭೇದ ಕಂಡದ್ದು 2023ರಲ್ಲಿ ಪ್ರಕಟವಾದ, ಹಲವು ದೇಶಗಳ 251 ರೋಗಿಗಳ ಪ್ರಯೋಗದಲ್ಲಿ. ನಾಲ್ಕು ವಾರ, ವಾರಕ್ಕೆ ಮೂರು ಬಾರಿ, ತರಬೇತುದಾರರ ಕಣ್ಣೆದುರೇ ತೀವ್ರ ವ್ಯಾಯಾಮ ಮಾಡಿಸಿದಾಗ ಗಂಭೀರ ತೊಡಕುಗಳು ಶೇ. 29.7ರ ಬದಲು ಶೇ. 17.1ರಷ್ಟಿದ್ದವು. ಕೋವಿಡ್‌ನಿಂದ ಪ್ರಯೋಗ ಅರ್ಧದಲ್ಲೇ ನಿಂತದ್ದು ಅದರ ಕೊರತೆ. ತೀರಾ ನಿತ್ರಾಣರಾದವರಲ್ಲಿ ಮಾಂಟ್ರಿಯಲ್ ತಂಡ ನಡೆಸಿದ 2020ರ ಪ್ರಯೋಗ ಅಂಥ ಲಾಭವನ್ನು ತೋರಲಿಲ್ಲ. ಅವರಿಗೆ ನಾಲ್ಕು ವಾರ ಸಾಲದಿರಬಹುದು. ಹಾಗಾಗಿ ಫಲವನ್ನು ನಿರ್ಧರಿಸುವುದು ವ್ಯಾಯಾಮದ ಸಲಹೆಯಲ್ಲ, ಅದರ ಮೇಲ್ವಿಚಾರಣೆ ಎನ್ನುವುದು ಸದ್ಯಕ್ಕೆ ಹೆಚ್ಚು ಸಮಂಜಸ.

ಕಾಯುವಷ್ಟರಲ್ಲಿ ಗೆಡ್ಡೆ ಬೆಳೆಯದೇ ಎಂಬ ಆಕ್ಷೇಪ ಸಹಜ. ಕರುಳು ಕಟ್ಟಿಕೊಂಡಿದ್ದರೆ ಅಥವಾ ರಕ್ತಸ್ರಾವ ಹೆಚ್ಚಿದ್ದರೆ ಕಾಯುವ ಮಾತೇ ಇಲ್ಲ. ಉಳಿದವರಲ್ಲಿ ಪರೀಕ್ಷೆಗಳಿಗೂ ಸರದಿಗೂ ಹೇಗೂ ಕೆಲವು ವಾರ ಹೋಗುತ್ತವೆ. ಗುದನಾಳದ ಕ್ಯಾನ್ಸರಿನಲ್ಲಂತೂ ಮೊದಲೇ ಕೊಡುವ ಕೀಮೊ–ವಿಕಿರಣ ಚಿಕಿತ್ಸೆ ಕಸುವನ್ನು ಕುಗ್ಗಿಸಿ, ಆಮೇಲೆ ವಾರಗಟ್ಟಲೆ ಬಿಡುವು ಬೇಡುತ್ತದೆ. ಆ ಬಿಡುವಿನಲ್ಲಿ ಆರು ವಾರ ತರಬೇತಿ ಪಡೆದವರು ಚೇತರಿಸಿಕೊಂಡದ್ದನ್ನು ಇಂಗ್ಲೆಂಡಿನ ಒಂದು ಸಣ್ಣ ಅಧ್ಯಯನ 2015ರಲ್ಲಿ ದಾಖಲಿಸಿತು. ಕರುಳಿನ ಗೆಡ್ಡೆಯಿಂದ ರಕ್ತಹೀನತೆ ಸಾಮಾನ್ಯವಾದ್ದರಿಂದ ಕಬ್ಬಿಣಾಂಶದ ಕೊರತೆಯನ್ನೂ ಜೊತೆಗೇ ಸರಿಪಡಿಸಬೇಕಾಗುತ್ತದೆ.

ಕರುಳಿನಾಚೆಗೆ, ಶ್ವಾಸಕೋಶದ ಕ್ಯಾನ್ಸರಿನಲ್ಲಿ ಇಂಥದೇ ತರಬೇತಿಯನ್ನು ಪರೀಕ್ಷಿಸಿದ ಜಿನೀವಾದ 151 ರೋಗಿಗಳ ಪ್ರಯೋಗ (2017) ಶ್ವಾಸಕೋಶದ ತೊಡಕುಗಳಷ್ಟೇ ಇಳಿದುದನ್ನು ಕಂಡಿತು.