ನಮ್ಮ ಹೆಸರು ಬರೆದವರು ಯಾರು?

ಕಲಬುರಗಿಗೆ ಓದಲು ಬಂದ ಕೇರಿಯ ಹುಡುಗರಿಗೆ ಎರಡು ಕಡೆ ಜಾತಿ ಕೇಳುತ್ತಾರೆ. ಬಾಡಿಗೆ ಕೋಣೆ ಹುಡುಕುವಾಗ ಒಮ್ಮೆ, ಸರ್ಕಾರದ ಫಾರಂ ತುಂಬುವಾಗ ಇನ್ನೊಮ್ಮೆ. ಮನೆ ಮಾಲೀಕ ನೇರ ಕೇಳುವುದಿಲ್ಲ. "ಯಾವ ಊರು? ಯಾವ ಮಂದಿ ನೀವು? ಮನ್ಯಾಗ ಏನು ತಿಂತೀರಿ?" ಅಂತ ಸುತ್ತು ಬಳಸಿ ಬರುತ್ತಾನೆ. ಫಾರಂ ಸುತ್ತು ಬಳಸುವುದಿಲ್ಲ, ಒಂದು ಖಾಲಿ ಚೌಕ ಬಿಟ್ಟು ಕೂತಿರುತ್ತದೆ. ಮೊದಲನೆಯ ಪ್ರಶ್ನೆ ಬಾಗಿಲು ಮುಚ್ಚಲಿಕ್ಕೆ. ಎರಡನೆಯದು ಬಾಗಿಲು ತೆರೆಯಲಿಕ್ಕೆ. ಎರಡಕ್ಕೂ ನಾವು ಕೊಡುವ ಉತ್ತರ ಮಾತ್ರ ಅದೇ ಒಂದು ಹೆಸರು. ಆ ಹೆಸರನ್ನು ಕಾಗದದ ಮೇಲೆ ಮೊದಲು ಬರೆದವರು ಯಾರು? ಯಾವಾಗ ಬರೆದರು, ಯಾತಕ್ಕೆ ಬರೆದರು? ಇದು ಇತಿಹಾಸದ ಪ್ರಶ್ನೆ. ಇವತ್ತಿನ ಅನ್ನದ ಪ್ರಶ್ನೆಯೂ ಹೌದು.

2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಎಚ್.ಎನ್. ನಾಗಮೋಹನ ದಾಸ್ ಆಯೋಗದ ಸಮೀಕ್ಷೆ ಮನೆ ಮನೆಗೆ ಬಂತು. ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಯ 101 ಜಾತಿಗಳನ್ನು ಎಣಿಸುವ ಕೆಲಸ. ಆಗಸ್ಟ್ 4ರಂದು ವರದಿ ಸರ್ಕಾರದ ಕೈ ಸೇರಿತು. ಆಯೋಗ ಐದು ಗುಂಪು ಮಾಡಿ ಅಂದಿತು. ಆಗಸ್ಟ್ 19ರಂದು ಸಚಿವ ಸಂಪುಟ ಮೂರು ಗುಂಪು ಸಾಕು ಅಂದು 6, 6, 5 ಎಂದು ಶೇಕಡ 17ನ್ನು ಹಂಚಿತು. ಎಣಿಕೆಯಲ್ಲಿ ಒಂದು ಗಂಟು ಮಾತ್ರ ಬಿಚ್ಚಲಿಲ್ಲ. ನಾಲ್ಕೂವರೆ ಲಕ್ಷಕ್ಕೂ ಮೇಲ್ಪಟ್ಟ ಮಂದಿ ಆದಿ ಕರ್ನಾಟಕ, ಆದಿ ದ್ರಾವಿಡ, ಆದಿ ಆಂಧ್ರ ಎಂದಷ್ಟೇ ಬರೆಸಿದ್ದರು. ಅದರೊಳಗಿನ ಮೂಲ ಜಾತಿ ಯಾವುದು ಅಂತ ದಾಖಲಾಗಲಿಲ್ಲ.

ಆ ದಿನಗಳಲ್ಲಿ ಖೂಬಾ ಪ್ಲಾಟಿನ ನಮ್ಮ ಬಾಡಿಗೆ ಕೋಣೆಯಲ್ಲಿ ರಾತ್ರಿಯೆಲ್ಲ ಜಗಳ. "ನಮ್ಮನ್ನ ಒಡ್ಯಾಕ ಹಚ್ಯಾರ" ಅಂತ ಒಬ್ಬ. "ಇಷ್ಟು ವರ್ಷ ನಮ್ಮ ಪಾಲು ಯಾರು ತಿಂದ್ರು?" ಅಂತ ಇನ್ನೊಬ್ಬ. "ಆದಿ ಕರ್ನಾಟಕ ಅಂದ್ರ ನಮ್ಮ ಕಡಿ ಯಾರಪಾ? ನಾ ಕೇಳೇ ಇಲ್ಲ" ಅಂತ ಮತ್ತೊಬ್ಬ. ಈ ಮೂರನೆಯವನ ಮಾತು ನಮ್ಮನ್ನು ಜ್ಞಾನಗಂಗಾ ಆವರಣದ ಗ್ರಂಥಾಲಯಕ್ಕೆ ನಡೆಸಿತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಾದ ಜಾಗ ಅದು. ಅಲ್ಲಿ ಓದಲು ಕೂತವರ ಮುಂದೆ ಬಹುತೇಕ ಪರೀಕ್ಷೆಯ ಗೈಡುಗಳೇ. ತಪ್ಪಲ್ಲ, ನೌಕರಿ ಬೇಕು. ಆದರೆ ಗೈಡು ಉತ್ತರ ಕೊಡುತ್ತದೆ, ಹಳೆಯ ವರದಿ ಪ್ರಶ್ನೆ ಕೊಡುತ್ತದೆ. ನಮಗೆ ಬೇಕಾದದ್ದು ಪ್ರಶ್ನೆ.

ಈ ದಾರಿಯನ್ನು ಬಾಬಾಸಾಹೇಬರು ಮೊದಲೇ ತುಳಿದು ತೋರಿಸಿದ್ದಾರೆ. 1911ರ ಜನಗಣತಿಯ ಹೊತ್ತಿನಲ್ಲಿ ಬ್ರಿಟಿಷ್ ಸರ್ಕಾರ ಹಿಂದೂಗಳಲ್ಲಿ ಯಾರು ಪೂರ್ತಿ ಹಿಂದೂಗಳಲ್ಲ ಎಂದು ಬೇರೆ ಮಾಡಲು ಹತ್ತು ಪರೀಕ್ಷೆಗಳನ್ನು ಇಟ್ಟಿತು. ಬ್ರಾಹ್ಮಣರ ಮೇಲ್ಮೆ ಒಪ್ಪದವರು ಯಾರು, ದೇವಸ್ಥಾನದ ಒಳಗೆ ಪ್ರವೇಶವಿಲ್ಲದವರು ಯಾರು, ಹೆಣ ಹೂಳುವವರು ಯಾರು, ದನದ ಮಾಂಸ ತಿನ್ನುವವರು ಯಾರು, ಹೀಗೆ. ಅಧಿಕಾರಿಗಳಿಗೆ ಅದು ಬರೀ ಲೆಕ್ಕದ ಕೆಲಸ. ಅಂಬೇಡ್ಕರರು 1948ರ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಅದೇ ಲೆಕ್ಕವನ್ನು ಕೈಗೆತ್ತಿಕೊಂಡು ಅಸ್ಪೃಶ್ಯತೆಯ ಬೇರು ಹುಡುಕಿದರು. ದೊರೆಗಳು ತಮ್ಮ ಅನುಕೂಲಕ್ಕೆ ಬರೆದದ್ದನ್ನು ತುಳಿತಕ್ಕೊಳಗಾದವನು ತನ್ನ ಸಾಕ್ಷಿಯಾಗಿ ತಿರುಗಿಸಿಕೊಂಡದ್ದು ಇದು. ಗ್ರಂಥಾಲಯ ನಮಗೆ ಇರುವುದು ಈ ಕೆಲಸಕ್ಕೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಕಲಬುರಗಿ ಆಗ ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1931ರ ಜನಗಣತಿಯ 23ನೇ ಸಂಪುಟ ಹೈದರಾಬಾದಿನದು. ಭಾಗ್ಯರೆಡ್ಡಿ ವರ್ಮ ಮುಂತಾದವರ ಹೋರಾಟದ ಫಲವಾಗಿ ನಮ್ಮವರು ಅದರಲ್ಲಿ 'ಆದಿ ಹಿಂದೂ' ಎಂದು ದಾಖಲಾದರು. ಈ ನೆಲದ ಮೊದಲಿಗರು ನಾವು ಅನ್ನುವ ಅರ್ಥ. ಬೈಗುಳವಾಗಿದ್ದ ಹೆಸರನ್ನು ಕಿತ್ತೊಗೆದು ಮಾನದ ಹೆಸರು ಇಟ್ಟುಕೊಂಡ ಕಾಲ. ಆ ಕಡೆ ಮೈಸೂರು ಸಂಸ್ಥಾನದಲ್ಲೂ 1920ರ ದಶಕದಲ್ಲಿ 'ಪಂಚಮ' ಅನ್ನುವುದನ್ನು ಬಿಟ್ಟು ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನುವ ಹೆಸರುಗಳು ಸರ್ಕಾರದ ಬಳಕೆಗೆ ಬಂದವು. ಎರಡೂ ಕಡೆ ಆಸೆ ಒಂದೇ. ಮುಂದಿನ ದಾರಿ ಮಾತ್ರ ಬೇರೆಯಾಯಿತು.

1950ರಲ್ಲಿ ರಾಷ್ಟ್ರಪತಿಗಳ ಆದೇಶದಿಂದ ಪರಿಶಿಷ್ಟ ಜಾತಿಗಳ ಪಟ್ಟಿ ಹೊರಬಂತು, ಒಂದೊಂದು ರಾಜ್ಯಕ್ಕೆ ಒಂದೊಂದು ಪಟ್ಟಿ. ಗೆಳೆಯರೇ, ಹೈದರಾಬಾದಿನ ಪಟ್ಟಿಯನ್ನೂ ಮೈಸೂರಿನ ಪಟ್ಟಿಯನ್ನೂ ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. ಮೈಸೂರಿನದರಲ್ಲಿ ಆರೇ ಹೆಸರು: ಆದಿ ದ್ರಾವಿಡ, ಆದಿ ಕರ್ನಾಟಕ, ಬಂಜಾರ ಅಥವಾ ಲಂಬಾಣಿ, ಭೋವಿ, ಕೊರಚ, ಕೊರಮ. ಹೊಲೆಯ ಅನ್ನುವ ಹೆಸರಿಲ್ಲ, ಮಾದಿಗ ಅನ್ನುವ ಹೆಸರಿಲ್ಲ. ಹೈದರಾಬಾದಿನದರಲ್ಲಿ ಮೂವತ್ತಕ್ಕೂ ಮೇಲೆ. ಹೊಲೆಯ, ಮಾದಿಗ, ಚಲವಾದಿ, ಮಹಾರ್, ಮಾಂಗ್, ಸಮಗಾರ, ಡೋರ್, ಮೋಚಿ, ಮೆಹ್ತರ್, ಬೇಡ ಜಂಗಮ ಎಲ್ಲ ಬಿಡಿಬಿಡಿ. ಆದಿ ಹಿಂದೂ ಅನ್ನುವ ಹೆಸರು ಮಾತ್ರ ಇಲ್ಲ. ಮೈಸೂರಿನಲ್ಲಿ ಮಾನದ ಹೆಸರು ಪಟ್ಟಿಗೇರಿ ಮೂಲದ ಹೆಸರು ಮುಚ್ಚಿಹೋಯಿತು. ಇಲ್ಲಿ ಮಾನದ ಹೆಸರು ಹೊರಗೆ ಉಳಿದು ಮೂಲದ ಹೆಸರೇ ಕಾಗದಕ್ಕೆ ಬಂತು.

ನಮ್ಮ ಕೋಣೆಯ ಗೆಳೆಯನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹಳೇ ಮೈಸೂರಿನ ಕೆಲವು ಕಡೆ ಆದಿ ಕರ್ನಾಟಕ ಅಂದರೆ ಹೊಲೆಯರು, ಕೆಲವು ಕಡೆ ಮಾದಿಗರು. 2025ರಲ್ಲಿ ಬಿಚ್ಚಲಾಗದ ಗಂಟು ನೂರು ವರ್ಷದ ಹಿಂದೆ ಬಿದ್ದದ್ದು. ಹಾಗೆ ಬರೆಸಿದ ಮಂದಿಯನ್ನು 'ಜಾತಿ ಮುಚ್ಚಿಡ್ತಾರ' ಅಂತ ಬಯ್ಯುವುದು ಅನ್ಯಾಯ. ಅವರ ಅಜ್ಜ ಮಾನ ಕೇಳಿದ, ಸರ್ಕಾರ ಹೆಸರು ಕೊಟ್ಟು ಕೈತೊಳೆದುಕೊಂಡಿತು.

ಕತೆ ಇಲ್ಲಿಗೆ ಮುಗಿಯಲಿಲ್ಲ. 1956ರ ನವೆಂಬರ್ 1ರಂದು ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು. ರಾಜ್ಯ ಒಂದಾಯಿತು, ಪಟ್ಟಿ ಒಂದಾಗಲಿಲ್ಲ. ಹಳೇ ಮೈಸೂರಿನ ಲಂಬಾಣಿ ಪಟ್ಟಿಯೊಳಗೆ, ನಮ್ಮ ಕಡೆಯ ತಾಂಡಾದ ಲಂಬಾಣಿ ಪಟ್ಟಿಯ ಹೊರಗೆ. ಒಂದೇ ಮಂದಿ, ಒಂದೇ ಮಾತು, ನಡುವೆ ಒಂದು ಅಳಿಸಿಹೋದ ಗಡಿ. 1976ರ ತಿದ್ದುಪಡಿ ಕಾಯ್ದೆ ಈ ಪ್ರದೇಶದ ನಿರ್ಬಂಧ ತೆಗೆದಾಗಲೇ ಪಟ್ಟಿ ರಾಜ್ಯಕ್ಕೆಲ್ಲ ಒಂದಾದದ್ದು. 1971 ಮತ್ತು 1981ರ ಜನಗಣತಿಯ ಜಿಲ್ಲಾ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟರೆ ಕಲಬುರಗಿಯ ಪರಿಶಿಷ್ಟ ಜಾತಿಯ ಪ್ರಮಾಣ ಒಮ್ಮೆಲೇ ಏರಿದ್ದು ಕಾಣುತ್ತದೆ. ಹೆರಿಗೆಯಿಂದ ಏರಿದ್ದಲ್ಲ, ಕಾಯ್ದೆಯ ಒಂದು ಸಾಲಿನಿಂದ ಏರಿದ್ದು. ಇದನ್ನು ತಿಳಿಯದೆ 'ಅವರು ಹೊರಗಿನಿಂದ ಬಂದು ನಮ್ಮ ಪಾಲು ತಿಂದ್ರು' ಅನ್ನುವವರು ತಾಂಡಾದ ಕೂಲಿಯವನನ್ನು ವೈರಿ ಮಾಡುತ್ತಾರೆ. ಪಟ್ಟಿ ಉದ್ದವಾದಷ್ಟು ಪಾಲು ಉದ್ದ ಮಾಡದ ಆಳುವವರನ್ನು ಯಾರೂ ಕೇಳುವುದಿಲ್ಲ.

ಅದೇ ಪಟ್ಟಿಯ ಇನ್ನೊಂದು ಹೆಸರು ನೋಡಿ: ಬೇಡ ಜಂಗಮ. ಊರೂರು ತಿರುಗಿ ಬೇಡಿ ಬದುಕುವ ಸಣ್ಣ ಸಮುದಾಯದ ಹೆಸರದು. ಹೆಸರಿನಲ್ಲಿ 'ಜಂಗಮ' ಇದೆ ಅನ್ನುವುದನ್ನೇ ಹಿಡಿದು, ಎಂದೂ ಮೈಲಿಗೆ ಕಾಣದವರು ಸರ್ಟಿಫಿಕೇಟು ಕೇಳಿದ್ದು, ಅದು ಕೋರ್ಟಿನ ಮೆಟ್ಟಿಲು ಹತ್ತಿದ್ದು ನಮ್ಮ ಭಾಗದ ಮಂದಿಗೆ ಗೊತ್ತಿದೆ. ಹೆಸರು ಬರೇ ಹೆಸರಲ್ಲ, ಅದು ಆಸ್ತಿ. ಕಾಯದಿದ್ದರೆ ಕಳುವಾಗುತ್ತದೆ.

ಒಳಮೀಸಲಾತಿಯ ಕೂಗಿಗೂ ಇತಿಹಾಸ ಇದೆ. 1994ರಲ್ಲಿ ಆಂಧ್ರದ ಪ್ರಕಾಶಂ ಜಿಲ್ಲೆಯಲ್ಲಿ ಮಾದಿಗ ದಂಡೋರ ಎದ್ದಿತು. ಅಲ್ಲಿ ಆದ ಕಾನೂನನ್ನು 2004ರಲ್ಲಿ ಸುಪ್ರೀಂ ಕೋರ್ಟು ಚಿನ್ನಯ್ಯ ಪ್ರಕರಣದಲ್ಲಿ ರದ್ದು ಮಾಡಿತು. ನಮ್ಮ ರಾಜ್ಯದಲ್ಲಿ 2005ರಲ್ಲಿ ಕೂತ ಸದಾಶಿವ ಆಯೋಗ 2012ರಲ್ಲಿ ವರದಿ ಕೊಟ್ಟಿತು, ವರದಿ ಕಪಾಟು ಸೇರಿತು. ಇಪ್ಪತ್ತು ವರ್ಷದ ಮೇಲೆ, 2024ರ ಆಗಸ್ಟ್ 1ರಂದು, ಏಳು ನ್ಯಾಯಾಧೀಶರ ಪೀಠ ಒಳವರ್ಗೀಕರಣ ಮಾಡಬಹುದು ಎಂದು ಹೇಳಿತು. ಅಂಕಿ ಅಂಶದ ಆಧಾರ ಬೇಕು ಎಂದೂ ಹೇಳಿತು. ಅಂದರೆ ಇನ್ನು ಮೇಲೆ ನ್ಯಾಯ ಕೇಳುವವನು ಘೋಷಣೆಯ ಜೊತೆಗೆ ಲೆಕ್ಕವನ್ನೂ ಹಿಡಿದು ನಿಲ್ಲಬೇಕು. ಘೋಷಣೆ ನಮಗೆ ಬರುತ್ತದೆ, ಲೆಕ್ಕ ಕಲಿಯಬೇಕು.

ಹಳ್ಳಿಯ ಮೇಷ್ಟ್ರುಗಳಿಗೆ, ಸಂಘಟನೆಯ ಗೆಳೆಯರಿಗೆ ನಾವು ಕಂಡುಕೊಂಡ ಕೆಲವು ಮಾತು ಹೇಳುತ್ತೇವೆ. ಕೋಷ್ಟಕಕ್ಕಿಂತ ಮೊದಲು ಅದರ ಹಿಂದಿನ ವಿವರಣೆ ಓದಿ. ಯಾರನ್ನು ಯಾವ ಹೆಸರಿನಡಿ ಸೇರಿಸಿದರು ಅನ್ನುವುದು ಅಲ್ಲಿರುತ್ತದೆ. ಗಡಿ ನೋಡಿಕೊಳ್ಳಿ. ಯಾದಗಿರಿ ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಗೆ, ಹಾಗಾಗಿ 2001ರ ಕಲಬುರಗಿ ಬೇರೆ, 2011ರ ಕಲಬುರಗಿ ಬೇರೆ. ಕಮಲಾಪುರ ತಾಲ್ಲೂಕಾದದ್ದು ಇನ್ನೂ ಆಮೇಲೆ. ಅಲ್ಲಿನ ಹಳೆಯ ಲೆಕ್ಕ ಕಲಬುರಗಿ ತಾಲ್ಲೂಕಿನ ಪುಟದಲ್ಲಿ ಹುಡುಕಬೇಕು. ಹಳೆಯ ಜನಗಣತಿಯ ಸಂಪುಟಗಳು ಈಗ ಕಂಪ್ಯೂಟರಿನಲ್ಲೂ ಸಿಗುತ್ತವೆ. ಇಂಗ್ಲಿಷಿಗೆ ಹೆದರಬೇಡಿ, ನಾಲ್ಕು ಮಂದಿ ಕೂತು ಓದಿದರೆ ಒಂದು ಪುಟ ದಾಟುತ್ತದೆ. ನಿಜಾಮನ ಕಾಲದ ಉರ್ದು ಕಾಗದ ಸಿಕ್ಕರೆ ಓದಿ ಹೇಳುವ ಹಿರಿಯರು ನಮ್ಮ ಓಣಿಗಳಲ್ಲೇ ಇದ್ದಾರೆ. ಅವರ ಹತ್ತಿರ ಹೋಗೋಣ.

ಪುಸ್ತಕವನ್ನು ಪೂಜಿಸುವುದೂ ಬೇಡ. ಸೈಯದ್ ಸಿರಾಜ್ ಉಲ್ ಹಸನ್ 1920ರಲ್ಲಿ ನಿಜಾಮನ ಸೀಮೆಯ ಜಾತಿಗಳ ಬಗ್ಗೆ ದಪ್ಪ ಪುಸ್ತಕ ಬರೆದರು. ಉಪಯೋಗದ್ದೇ, ಆದರೆ ಬರೆದ ಕೈ ಅಧಿಕಾರಿಯದು. ನಮ್ಮ ಅವ್ವಂದಿರ ಹಾಡು, ಹೊಲದ ಕೂಲಿ, ಬಾವಿಕಟ್ಟೆಯ ಅವಮಾನ ಅಧಿಕಾರಿಗಳ ಪುಸ್ತಕದಲ್ಲಿ ಸಿಗುವುದು ಕಡಿಮೆ. 2011ರ ಜನಗಣತಿಯ ಪ್ರಕಾರ ಕಲಬುರಗಿ ಜಿಲ್ಲೆಯ 25,66,326 ಜನರಲ್ಲಿ 6,48,782 ಮಂದಿ ಪರಿಶಿಷ್ಟ ಜಾತಿಯವರು, ನಾಲ್ವರಲ್ಲಿ ಒಬ್ಬರು. ಜಿಲ್ಲೆಯ ಹೆಂಗಸರಲ್ಲಿ ಓದು ಬಲ್ಲವರು ನೂರಕ್ಕೆ 55. ಉಳಿದ ನಲವತ್ತೈದು ಮಂದಿಯ ಮಾತು ಕಪಾಟಿನಲ್ಲಿ ಹುಡುಕಿದರೆ ಸಿಕ್ಕೀತೇ? 1968ರಲ್ಲಿ ಬಿ. ಶ್ಯಾಮಸುಂದರ್ ಇದೇ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಿದರು. ಆಗ ಯುವಕರಾಗಿದ್ದವರಿಗೆ ಈಗ ಎಂಬತ್ತರ ಹತ್ತಿರ. ಅವರು ಹೋದರೆ ಒಂದು ಗ್ರಂಥಾಲಯವೇ ಮಣ್ಣಾಗುತ್ತದೆ. ಅವರ ಮುಂದೆ ಕೂತು ಬರೆದುಕೊಳ್ಳುವುದೂ ಸಂಶೋಧನೆಯೇ.

ಎಣಿಕೆ ನಮ್ಮನ್ನು ಒಡೆಯುತ್ತದೆ ಅನ್ನುವ ಮಾತಿಗೆ ನಮ್ಮ ಉತ್ತರ ಇಷ್ಟು. ನಮ್ಮನ್ನು ಒಡೆದದ್ದು ಜಾತಿ, ಎಣಿಕೆ ಒಡಕನ್ನು ತೋರಿಸುತ್ತದೆ. ಹೊಲೆಯ, ಮಾದಿಗ, ಲಂಬಾಣಿ, ಅಲೆಮಾರಿ, ಪ್ರತಿಯೊಬ್ಬರೂ ಇನ್ನೊಬ್ಬರ ಹೆಸರಿನ ಇತಿಹಾಸ ಓದಿದರೆ ಪಾಲಿನ ಮಾತು ಅಣ್ಣ ತಮ್ಮಂದಿರ ಮಾತಾಗುತ್ತದೆ. ಓದದಿದ್ದರೆ ಅದು ಬೇರೆಯವರು ಹಚ್ಚಿದ ಬೆಂಕಿಯಾಗುತ್ತದೆ.

1931ರ ನಂತರ ದೇಶದ ಎಲ್ಲ ಜಾತಿಗಳ ಲೆಕ್ಕ ಜನಗಣತಿಯಲ್ಲಿ ಹೊರಬಂದಿಲ್ಲ. ಮುಂದಿನ ಜನಗಣತಿಯಲ್ಲಿ ಜಾತಿ ಎಣಿಸುವುದಾಗಿ ಕೇಂದ್ರ ಸರ್ಕಾರ 2025ರ ಏಪ್ರಿಲ್ 30ರಂದು ತೀರ್ಮಾನ ಮಾಡಿತು. ಅದಕ್ಕೆ ಗೊತ್ತುಮಾಡಿದ ದಿನ 2027ರ ಮಾರ್ಚ್ 1. ಎಣಿಸುವವರು ಬಹುಪಾಲು ನಮ್ಮ ಶಾಲೆಯ ಮೇಷ್ಟ್ರುಗಳೇ. ಎಣಿಸಿಕೊಳ್ಳುವವರು ನಮ್ಮ ಅವ್ವ ಅಪ್ಪ. "ಹೆಸರು ಏನ್ ಬರೀಲಿ?" ಅಂತ ಕೇಳುವವನಿಗೂ, ಹೇಳುವವಳಿಗೂ ಆ ಹೆಸರಿನ ಕತೆ ಗೊತ್ತಿರಲಿ. ಈ ಸಲ ಹೆಸರು ಹೇಳುವವರು ನಾವು. ಬರೆದದ್ದನ್ನು ಓದಿ ನೋಡಿದ ಮೇಲೆಯೇ ಸಹಿ ಹಾಕುವವರೂ ನಾವು.